ಐಡಿ ಕಾರ್ಡ್ ಟ್ಯಾಗ್ ಕಟ್ಟಿದೆವು, ರಕ್ತ ಇನ್ನೂ ಜಾಸ್ತಿಯಾಯ್ತು

ಕಳೆದ ಸೆಮಿಸ್ಟರ್‌ನಲ್ಲಿ ನಡೆದದ್ದು. ನಾವು ಮೂವರು ಚಿತ್ತವಾಡ್ಗಿಯಲ್ಲಿ ರೂಮ್ ಮಾಡಿಕೊಂಡಿದ್ದೀವಿ. ಒಂದು ಸಂಜೆ ಏಳರ ಹೊತ್ತಿಗೆ ಚಹಾ ಕುಡಿಯೋಕೆ ಅಂತ ಹೊರಟಿದ್ದೆವು. ರಸ್ತೆ ಪಕ್ಕ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಬೈಕ್‌ನಲ್ಲಿ ಬಂದ ಹುಡುಗ ಕೊನೇ ಕ್ಷಣದಲ್ಲಿ ನೋಡಿ ಪಕ್ಕಕ್ಕೆ ತಿರುಗಿಸಿದ. ಟ್ರೇಲರ್‌ನ ತಗಡಿನ ಅಂಚು ಅವನ ಮೊಣಕೈ ಕೆಳಗೆ ಒಳಭಾಗದಲ್ಲಿ ಉದ್ದಕ್ಕೆ ಸೀಳಿತು. ನಮ್ಮದೇ ವಯಸ್ಸಿನ ಹುಡುಗ.

ಆಮೇಲೆ ನಾವು ಮಾಡಿದ್ದನ್ನು ಹೇಳೋಕೆ ನಾಚಿಕೆ ಆಗುತ್ತೆ, ಆದರೆ ಹೇಳದಿದ್ದರೆ ಈ ಲೇಖನಕ್ಕೆ ಅರ್ಥ ಇಲ್ಲ. ನಮ್ಮಲ್ಲಿ ಒಬ್ಬ ಕೊರಳಲ್ಲಿದ್ದ ಐಡಿ ಕಾರ್ಡ್ ಟ್ಯಾಗ್ ತೆಗೆದು ಆ ಹುಡುಗನ ತೋಳಿಗೆ ಕಟ್ಟಿದ. ಸಿನಿಮಾದಲ್ಲಿ ಹೀರೋಯಿನ್ ಸೆರಗು ಹರಿದು ಕಟ್ಟುತ್ತಾಳಲ್ಲ, ಹಾಗೆ. ಇನ್ನೊಬ್ಬ ಕಿರಾಣಿ ಅಂಗಡಿಗೆ ಓಡಿಹೋಗಿ ಐದು ರೂಪಾಯಿ ಕಾಫಿಪುಡಿ ಪ್ಯಾಕೆಟ್ ತಂದ. ಮೂರನೆಯವನು ಫೋನ್ ತೆಗೆದ. ಲೈಟ್ ಹಾಕೋಕೆ ತೆಗೆದೆ ಅಂತ ಆಮೇಲೆ ಹೇಳಿದ, ಆದರೆ ಆನ್ ಆಗಿದ್ದು ಕ್ಯಾಮೆರಾ.

ಟ್ಯಾಗ್ ಕಟ್ಟಿದ ಮೇಲೆ ರಕ್ತ ಕಡಿಮೆ ಆಗಲಿಲ್ಲ, ಇನ್ನೂ ಜಾಸ್ತಿಯಾಯ್ತು. ಕಾಫಿಪುಡಿ ರಕ್ತದ ಜೊತೆಗೇ ಹರಿದು ಕೆಳಗೆ ಬಿತ್ತು. ಅಷ್ಟರಲ್ಲಿ ಕಬ್ಬು ಕಡಿಯುವ ಒಬ್ಬ ಹಿರಿಯರು ಗುಂಪು ಸರಿಸಿಕೊಂಡು ಬಂದರು. ಮೊದಲು ಟ್ಯಾಗ್ ಬಿಚ್ಚಿ ಬಿಸಾಕಿದರು. ಹುಡುಗನನ್ನ ನೆಲದ ಮೇಲೆ ಮಲಗಿಸಿ, ತಲೆಗೆ ಸುತ್ತಿದ್ದ ಟವೆಲ್ ಮಡಚಿ ಗಾಯದ ಮೇಲಿಟ್ಟು, ಎರಡೂ ಅಂಗೈ ಊರಿ ಮೈಭಾರ ಬಿಟ್ಟರು. "ಏ ತಮ್ಮಾ, ಬಾ ಇಲ್ಲಿ. ನನ್ನ ಕೈ ಮ್ಯಾಲೆ ಕೈ ಇಡು. ಹಿಂಗ ಒತ್ತಿ ಹಿಡಿ, ಬಿಡಬ್ಯಾಡ" ಅಂದರು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಒತ್ತಿ ಹಿಡಿದದ್ದು ನಾವೇ, ಆದರೆ ಎರಡೆರಡು ನಿಮಿಷಕ್ಕೆ ಟವೆಲ್ ಎತ್ತಿ 'ನಿಂತಿತಾ' ಅಂತ ನೋಡುತ್ತಿದ್ದೆವು. ಅಲ್ಲಿನ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆಯೇ ಅದು: "ಎತ್ತಿ ಎತ್ತಿ ನೋಡಿದ್ರೇನು?" ಹೌದು ಅಂದದ್ದಕ್ಕೆ ಚೆನ್ನಾಗಿ ಬೈದರು.

ಹುಡುಗ ಆರಾಮಾಗಿದ್ದಾನೆ. ಹೊಲಿಗೆ ಬಿತ್ತು, ಬೆರಳು ಎಲ್ಲಾ ಅಲುಗುತ್ತವೆ. ಆದರೆ ನಮಗೆ ಒಂದು ಪ್ರಶ್ನೆ ಉಳಿಯಿತು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪಾಸಾದ ನಾವು ಮಾಡಿದ್ದೆಲ್ಲಾ ತಪ್ಪು, ಶಾಲೆ ಮೆಟ್ಟಿಲು ಹತ್ತಿರಲಾರದ ಹಿರಿಯರು ಮಾಡಿದ್ದು ಸರಿ. ಹೇಗೆ?

ಉತ್ತರ ಹುಡುಕುತ್ತಾ ಹೋದಾಗ ಮತ್ತೆ ಮತ್ತೆ ಸಿಕ್ಕಿದ್ದು ಕೊಪ್ಪಳದ ಘಟನೆ. ನಮ್ಮಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೆ. 2017ರ ಫೆಬ್ರುವರಿ ಮೊದಲ ವಾರ ಅಲ್ಲಿ ಸೈಕಲ್ ಮೇಲೆ ಹೊರಟಿದ್ದ 18 ವರ್ಷದ ಹುಡುಗನಿಗೆ ಸಾರಿಗೆ ಬಸ್ ಡಿಕ್ಕಿ ಹೊಡೆಯಿತು. ರಸ್ತೆಯಲ್ಲಿ ರಕ್ತದ ನಡುವೆ ಬಿದ್ದು ಅವನು ಸಹಾಯಕ್ಕೆ ಕೂಗಿದ. ಸುತ್ತ ನಿಂತವರು ವಿಡಿಯೋ ಮಾಡಿದರು. ಹೀಗೆ ಕಳೆದದ್ದು ಸುಮಾರು ಅರ್ಧ ಗಂಟೆ ಅಂತ ಆಗಿನ ಪತ್ರಿಕೆಗಳಲ್ಲಿ ಬಂತು. ಹುಡುಗ ಉಳಿಯಲಿಲ್ಲ. ದೇಶವೆಲ್ಲಾ 'ಮಾನವೀಯತೆ ಸತ್ತಿದೆ' ಅಂತ ಬರೆಯಿತು. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಈಗ ಅಷ್ಟು ಸುಲಭವಾಗಿ ಅನ್ನಲಾರೆವು, ಯಾಕೆಂದರೆ ಆ ಫೋನ್ ಹಿಡಿದ ಕೈ ನಮ್ಮ ರೂಮ್‌ನಲ್ಲೇ ಇದೆ. ಕೈಗೆ ಏನು ಮಾಡಬೇಕು ಅಂತ ಗೊತ್ತಿಲ್ಲದಾಗ ಅದು ಗೊತ್ತಿರೋ ಕೆಲಸವನ್ನೇ ಮಾಡುತ್ತೆ.

ಈಗ ವಿಷಯಕ್ಕೆ ಬರೋಣ. ನಮ್ಮ ಮೈಯಲ್ಲಿ ರಕ್ತ ಎಷ್ಟಿದೆ? ದೊಡ್ಡವರಲ್ಲಿ ಪ್ರತಿ ಕೆಜಿ ತೂಕಕ್ಕೆ ಸುಮಾರು 70 ಮಿಲಿಲೀಟರ್. 60 ಕೆಜಿ ತೂಗುವವನಿಗೆ 4.2 ಲೀಟರ್, ಅಂದರೆ ನಾಲ್ಕು ನೀರಿನ ಬಾಟಲ್ ಮತ್ತು ಒಂದು ಗುಟುಕು. ರಕ್ತದಾನ ಕ್ಯಾಂಪ್‌ನಲ್ಲಿ 350 ಮಿಲಿ ಕೊಟ್ಟು ಬಿಸ್ಕೆಟ್ ತಿಂದು ಬರುತ್ತೀವಿ, ಏನೂ ಆಗಲ್ಲ. ಅರ್ಧ ಲೀಟರ್ ಮೇಲೆ ಹೋದರೂ ದೇಹ ಹೇಗೋ ಸಂಭಾಳಿಸುತ್ತೆ. ನೂರರಲ್ಲಿ ಮೂವತ್ತು ಪಾಲು ದಾಟಿದ ಮೇಲೆ ಬಿ.ಪಿ. ಬೀಳೋಕೆ ಶುರು, ಮಾತು ತಡವರಿಸುತ್ತೆ, ಮೈ ತಣ್ಣಗಾಗಿ ಬೆವರುತ್ತೆ. ನಲವತ್ತು ದಾಟಿದರೆ ಜೀವಕ್ಕೇ ಅಪಾಯ. ತೊಡೆಯ ದೊಡ್ಡ ಅಪಧಮನಿ ಪೂರ್ತಿ ತುಂಡಾದರೆ ಈ ನಲವತ್ತು ಪಾಲು ಹೋಗೋಕೆ ಕೆಲವೇ ನಿಮಿಷ ಸಾಕು. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ 2008ರಿಂದ ಓಡುತ್ತಿದೆ, ಎಷ್ಟೋ ಜೀವ ಉಳಿಸಿದೆ. ಆದರೆ ಎಷ್ಟು ವೇಗವಾಗಿ ಬಂದರೂ ಅದು ರಸ್ತೆ ಮೇಲೇ ಬರಬೇಕು. ಅದು ಬರೋವರೆಗಿನ ನಿಮಿಷಗಳು ಅಲ್ಲಿ ನಿಂತವರ ಕೈಯಲ್ಲಿವೆ.

ಎಲ್ಲಾ ಗಾಯಕ್ಕೂ ಇಷ್ಟು ಗಾಬರಿ ಬೇಡ. ರಕ್ತ ಚಿಮ್ಮುತ್ತಿದ್ದರೆ, ನೆಲದ ಮೇಲೆ ಮಡುಗಟ್ಟುತ್ತಿದ್ದರೆ, ಬಟ್ಟೆ ತೊಯ್ದು ತೊಟ್ಟಿಕ್ಕುತ್ತಿದ್ದರೆ, ಕೈಕಾಲು ತುಂಡಾಗಿದ್ದರೆ ಅಥವಾ ಗಾಯಾಳು ಸಂಬಂಧವಿಲ್ಲದ ಮಾತಾಡುತ್ತಿದ್ದರೆ ಅದು ಗಂಭೀರ ರಕ್ತಸ್ರಾವ. ಆಗ ಮಾಡಬೇಕಾದ ಮೊದಲ ಕೆಲಸ ಒಂದೇ, ಒತ್ತುವುದು.

ಒತ್ತುವುದು ಅಂದರೆ ಎಷ್ಟು? ಇಲ್ಲಿ ನಮ್ಮ ಪಠ್ಯ ಉಪಯೋಗಕ್ಕೆ ಬರುತ್ತೆ. ಅಪಧಮನಿಯಲ್ಲಿ ಒತ್ತಡ 120 ಮಿ.ಮೀ. ಪಾದರಸ ಅಂತ ಇಟ್ಟುಕೊಳ್ಳಿ. ಅದು 16 ಕಿಲೋಪ್ಯಾಸ್ಕಲ್. ಒಂದು ಚದರ ಸೆಂಟಿಮೀಟರ್‌ಗೆ 1.6 ನ್ಯೂಟನ್, ಅಂದರೆ ಸುಮಾರು 160 ಗ್ರಾಂ ಭಾರ. ರಕ್ತ ಬರುತ್ತಿರೋ ಜಾಗ ಕಂಡು, ಅಲ್ಲೇ ಎರಡು ಬೆರಳು ಊರಿದರೆ ನಾಲ್ಕು ಚದರ ಸೆಂಟಿಮೀಟರ್ ಆಯ್ತು, ಲೆಕ್ಕದಲ್ಲಿ ಮುಕ್ಕಾಲು ಕೆಜಿಗಿಂತ ಕಡಿಮೆ ಭಾರ ಸಾಕು. ಅದೇ ಒಂದು ದಪ್ಪ ಟರ್ಕಿ ಟವೆಲ್ ಹರಡಿ ಅದರ ಮೇಲೆ ನೂರು ಚದರ ಸೆಂಟಿಮೀಟರ್‌ನಷ್ಟು ಅಂಗೈ ಇಟ್ಟರೆ 16 ಕೆಜಿ ಬೇಕು. ನಡುವೆ ಚರ್ಮ, ಮಾಂಸ ಇರೋದರಿಂದ ನಿಜದಲ್ಲಿ ಎರಡೂ ಕಡೆ ಇನ್ನೂ ಹೆಚ್ಚೇ ಬೇಕು. ಲೆಕ್ಕ ಹೇಳೋದು ಇಷ್ಟೆ: ಜಾಗ ಸರಿಯಾಗಿ ಹಿಡಿದರೆ ಕಡಿಮೆ ಬಲ ಸಾಕು, ಜಾಗ ಹರಡಿದರೆ ಮೈಭಾರವನ್ನೇ ಬಿಡಬೇಕು. ಆ ಹಿರಿಯರು ಮೊಣಕೈ ನೇರ ಇಟ್ಟು ಮೇಲಿನಿಂದ ಒರಗಿದ್ದು ಇದಕ್ಕೇ. ಗಾಯಾಳು ಹಾಸಿಗೆ ಮೇಲೋ ಇನ್ನೊಬ್ಬರ ತೊಡೆ ಮೇಲೋ ಇದ್ದರೆ ಒತ್ತಿದ್ದೆಲ್ಲಾ ಸ್ಪ್ರಿಂಗ್‌ಗೆ ಹೋಗುತ್ತೆ. ಗಟ್ಟಿ ನೆಲ ಬೇಕು.

ತುಂಗಭದ್ರಾ ಡ್ಯಾಮ್ ನೆನಪಿಸಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ 33 ಗೇಟ್‌ಗಳಲ್ಲಿ 19ನೆಯದರ ಚೈನ್ ಕಡಿದು ಗೇಟ್ ಕೊಚ್ಚಿಹೋಯ್ತು. ನಮ್ಮೂರಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಕೊನೆಗೆ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, ಆ ಒಂದು ಬಾಯಿಗೇ ಸ್ಟಾಪ್ ಲಾಗ್ ಇಳಿಸಿ ನಿಲ್ಲಿಸಿದರು. ಗಾಯಕ್ಕೂ ಅಷ್ಟೆ. ರಕ್ತ ಎಲ್ಲಿಂದ ಬರುತ್ತಿದೆಯೋ ಆ ಬಾಯಿಗೇ ತಡೆ. ಬಟ್ಟೆ ಹರಿದೋ ಕತ್ತರಿಸಿಯೋ ಗಾಯ ನೋಡದೆ ಪ್ಯಾಂಟ್ ಮೇಲೆಯೇ ಒತ್ತುವುದು ಅಂದರೆ ಯಾವ ಗೇಟ್ ಹೋಗಿದೆ ಅಂತ ನೋಡದೆ ಕೆಲಸ ಶುರು ಮಾಡಿದ ಹಾಗೆ.

ಒತ್ತಿದ ಮೇಲೆ ಎತ್ತಬಾರದು. ಸಿಸ್ಟರ್ ಬೈದದ್ದು ಯಾಕೆ ಅಂತ ಆಮೇಲೆ ಗೊತ್ತಾಯ್ತು. ರಕ್ತ ಹೆಪ್ಪುಗಟ್ಟೋಕೆ ಐದರಿಂದ ಹತ್ತು ನಿಮಿಷ ಬೇಕು. ಮೊದಲು ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಂಡು, ಆಮೇಲೆ ಅವುಗಳ ಮೇಲೆ ಫೈಬ್ರಿನ್ ಅನ್ನೋ ನಾರಿನ ಬಲೆ ನೇಯುತ್ತೆ. ಎರಡು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿದರೆ ಆ ಬಲೆ ಕಿತ್ತು ಬಟ್ಟೆ ಜೊತೆ ಬರುತ್ತೆ, ಮತ್ತೆ ಸೊನ್ನೆಯಿಂದ ಶುರು. ಸಿಮೆಂಟ್ ಹಾಕಿ ಕ್ಯೂರಿಂಗ್‌ಗೆ ಬಿಡದೆ ಕಾಲಿಟ್ಟು ನೋಡೋ ಕೆಲಸ ಅದು. ಮೊದಲ ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಬೇಕು. ಅದೂ ತೊಯ್ದರೆ ಒತ್ತಿದ ಜಾಗ ತಪ್ಪಿದೆ ಅಂತ ಅರ್ಥ, ಆಗ ಮಾತ್ರ ಒಂದು ಸಲ ತೆಗೆದು ಸರಿಯಾದ ಜಾಗ ಹುಡುಕಿ.

ಗಾಯ ಆಳವಾಗಿದ್ದರೆ ಮೇಲಿನಿಂದ ಒತ್ತಿದ್ದು ಒಳಗಿನ ರಕ್ತನಾಳಕ್ಕೆ ತಲುಪಲ್ಲ. ತೊಡೆಸಂದು, ಕಂಕುಳು, ಭುಜ, ಇಲ್ಲೆಲ್ಲಾ ಇದೇ ತೊಂದರೆ. ಆಗ ಗಾಯದ ಒಳಗೇ ಬಟ್ಟೆ ತುರುಕಬೇಕು. ಓದೋಕೆ ಭಯ ಆಗುತ್ತೆ, ನಮಗೂ ಆಯ್ತು. ಗಾಜ್ ರೋಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತೆಳು ಕಾಟನ್ ಪಂಚೆ, ದುಪಟ್ಟಾ ಆಗಬಹುದು. ರಕ್ತ ಬರುತ್ತಿರೋ ತಳದಿಂದ ಬೆರಳಿನಲ್ಲಿ ತುರುಕುತ್ತಾ ಬಾಯಿವರೆಗೂ ತುಂಬಿ, ಆಮೇಲೆ ಮೇಲಿಂದ ಒತ್ತಬೇಕು. ಸೋಂಕಿನ ಚಿಂತೆ ಆಸ್ಪತ್ರೆಯವರಿಗೆ ಬಿಡಿ. ಸೋಂಕು ಕೊಲ್ಲೋಕೆ ದಿನಗಳು ಬೇಕು, ಅದಕ್ಕೆ ಔಷಧ ಇದೆ. ಎದೆ ಮತ್ತು ಹೊಟ್ಟೆಯ ಗಾಯಕ್ಕೆ ಮಾತ್ರ ಹೀಗೆ ತುರುಕಬಾರದು. ಒಳಗಿನ ರಕ್ತಸ್ರಾವ ನಮ್ಮ ಕೈಗೆ ಸಿಗಲ್ಲ, ಬೇಗ ಆಪರೇಷನ್ ಥಿಯೇಟರ್ ಮುಟ್ಟಿಸೋದೇ ದಾರಿ.

ಇನ್ನು ನಮ್ಮ ಐಡಿ ಕಾರ್ಡ್ ಟ್ಯಾಗ್. ಅದನ್ನು ಕಟ್ಟಿದ ಮೇಲೆ ರಕ್ತ ಜಾಸ್ತಿ ಆದದ್ದು ನಮ್ಮ ಭ್ರಮೆಯಲ್ಲ. ಅಪಧಮನಿಯಲ್ಲಿ ಒತ್ತಡ 120, ಆದರೆ ಅಭಿಧಮನಿಯಲ್ಲಿ, ಅಂದರೆ ರಕ್ತ ವಾಪಸ್ ಹೋಗುವ ಪೈಪ್‌ನಲ್ಲಿ, ಹತ್ತರ ಆಸುಪಾಸು. ಸಡಿಲವಾಗಿ ಕಟ್ಟಿದ ಟ್ಯಾಗ್ ನಲವತ್ತರಷ್ಟು ಒತ್ತಡ ಕೊಡುತ್ತಿದೆ ಅಂದುಕೊಳ್ಳಿ. ವಾಪಸ್ ಪೈಪ್ ಮುಚ್ಚಿತು, ಬರುವ ಪೈಪ್ ತೆರೆದೇ ಇದೆ. ಕೈಯೊಳಗೆ ಬಂದ ರಕ್ತಕ್ಕೆ ಹೋಗೋಕೆ ಉಳಿದ ದಾರಿ ಒಂದೇ, ಗಾಯ. ಔಟ್‌ಲೆಟ್ ವಾಲ್ವ್ ಮುಚ್ಚಿ ಇನ್‌ಲೆಟ್ ಬಿಟ್ಟು ಟ್ಯಾಂಕ್ ಲೀಕ್ ಜಾಸ್ತಿಯಾಯ್ತು ಅಂತ ಆಶ್ಚರ್ಯಪಟ್ಟ ಹಾಗಾಯ್ತು ನಮ್ಮ ಕತೆ.

ಸರಿಯಾಗಿ ಕಟ್ಟೋದಕ್ಕೆ ಟೂರ್ನಿಕೆ ಅಂತ ಹೆಸರು. ಫ್ರೆಂಚ್ ಸರ್ಜನ್ ಜಾನ್ ಲೂಯಿ ಪೆಟಿ 1718ರಲ್ಲಿ ಸ್ಕ್ರೂ ಇರೋ ಟೂರ್ನಿಕೆ ಮಾಡಿದ. ಕೈಬಲದಿಂದ ಎಳೆದು ಕಟ್ಟೋದು ಸಾಲದು, ಯಾಂತ್ರಿಕ ಲಾಭ ಬೇಕು ಅನ್ನೋದು ಆತನಿಗೆ ಆಗಲೇ ಹೊಳೆದಿತ್ತು. ಬಹಳ ಕಾಲ ಟೂರ್ನಿಕೆ ಅಂದರೆ ಕೈಕಾಲು ಕಳೆದುಕೊಳ್ಳೋ ದಾರಿ ಅಂತ ಡಾಕ್ಟರ್‌ಗಳೇ ಹೆದರುತ್ತಿದ್ದರು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳ ಅನುಭವದ ಮೇಲೆ ಅಭಿಪ್ರಾಯ ಬದಲಾಯ್ತು. ಅಮೆರಿಕದಲ್ಲಿ 2015ರಿಂದ 'ಸ್ಟಾಪ್ ದ ಬ್ಲೀಡ್' ಅನ್ನೋ ಹೆಸರಲ್ಲಿ ಸಾಮಾನ್ಯ ಜನರಿಗೇ ಇದನ್ನು ಕಲಿಸುತ್ತಿದ್ದಾರೆ.

ಒತ್ತಿದರೂ ನಿಲ್ಲದ, ಅಥವಾ ತುಂಡಾದ ಕೈಕಾಲಿಗೆ ಮಾತ್ರ ಇದು. ಗಾಯದಿಂದ ಎರಡು ಮೂರು ಇಂಚು ಮೇಲೆ, ಅಂದರೆ ಹೃದಯದ ಕಡೆಗೆ, ಮೊಣಕೈ ಮೊಣಕಾಲಿನ ಕೀಲು ಬಿಟ್ಟು ಕಟ್ಟಬೇಕು. ಪಟ್ಟಿ ಮೂರು ಬೆರಳು ಅಗಲವಾದರೂ ಇರಲಿ. ಟ್ಯಾಗ್, ವೈರ್, ಹಗ್ಗ ಬೇಡವೇ ಬೇಡ. ಪಟ್ಟಿ ಕಿರಿದಾದಷ್ಟೂ ರಕ್ತ ನಿಲ್ಲಿಸೋಕೆ ಹೆಚ್ಚು ಒತ್ತಡ ಬೇಕಾಗುತ್ತೆ, ನರ, ಚರ್ಮ ಎರಡೂ ಹಾಳಾಗುತ್ತವೆ. ಮಡಚಿದ ದುಪಟ್ಟಾ ಅಥವಾ ಟವೆಲ್ ಎರಡು ಸುತ್ತು ಸುತ್ತಿ ಅರ್ಧ ಗಂಟು ಹಾಕಿ, ಗಂಟಿನ ಮೇಲೆ ಗಟ್ಟಿ ಕಡ್ಡಿ ಇಟ್ಟು, ಮೇಲೆ ಪೂರ್ತಿ ಗಂಟು ಹಾಕಿ, ಕಡ್ಡಿಯನ್ನು ನಲ್ಲಿ ತಿರುಗಿಸಿದ ಹಾಗೆ ತಿರುಗಿಸುತ್ತಾ ಹೋಗಬೇಕು. ಪೆನ್ ಇಡಬೇಡಿ, ಮುರಿಯುತ್ತೆ. ಬೈಕ್ ಟೂಲ್‌ಕಿಟ್‌ನ ಸ್ಪ್ಯಾನರ್ ಚೆನ್ನಾಗಿದೆ. ಎಷ್ಟು ತಿರುಗಿಸಬೇಕು ಅನ್ನೋದಕ್ಕೆ ಒಂದೇ ಅಳತೆ: ರಕ್ತ ನಿಲ್ಲೋವರೆಗೆ. ಗಾಯಾಳು ನೋವಿಗೆ ಚೀರುತ್ತಾನೆ, ಬೈಯುತ್ತಾನೆ. ಸಡಿಲ ಮಾಡಿದರೆ ಮತ್ತೆ ನಮ್ಮ ಟ್ಯಾಗ್ ಕತೆಯೇ. ಕಡ್ಡಿ ಬಿಚ್ಚದ ಹಾಗೆ ಇನ್ನೊಂದು ಬಟ್ಟೆಯಲ್ಲಿ ಕಟ್ಟಿ, ಕಟ್ಟಿದ ಸಮಯವನ್ನು ಅವನ ಹಣೆ ಮೇಲೆ ಅಥವಾ ಕೈ ಮೇಲೆ ಪೆನ್‌ನಲ್ಲಿ ಬರೆಯಿರಿ. ಪೆನ್ನಿಗೆ ಇಲ್ಲಿ ಕೆಲಸ ಇದೆ.

ಹತ್ತು ನಿಮಿಷಕ್ಕೊಮ್ಮೆ ಸಡಿಲಿಸಬೇಕು ಅಂತ ಹಳೇ ಪುಸ್ತಕಗಳಲ್ಲಿ ಬರೆದಿರುತ್ತೆ, ಈಗ ಆ ಸಲಹೆ ಬಿಟ್ಟಿದ್ದಾರೆ. ಎರಡು ಗಂಟೆಯವರೆಗೆ ಸಾಮಾನ್ಯವಾಗಿ ಕೈಕಾಲು ತಡೆದುಕೊಳ್ಳುತ್ತವೆ. ಹೊಸಪೇಟೆಯಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿಗೆ ರೆಫರ್ ಮಾಡಿದರೂ ಆ ಸಮಯದೊಳಗೆ ಮುಟ್ಟಬಹುದು. ಬಿಚ್ಚೋದು ಡಾಕ್ಟರ್ ಕೆಲಸ.

ಇಲ್ಲೊಂದು ಮಾತು, ಕಬ್ಬಿನ ಗದ್ದೆಗಳ ನಡುವೆ ಇರೋದರಿಂದ ಹೇಳಲೇಬೇಕು. ಇದೆಲ್ಲಾ ಓದಿ ಹಾವು ಕಚ್ಚಿದವರಿಗೂ ಹೀಗೆ ಬಿಗಿಯಬೇಡಿ. ಹಾವು ಕಡಿತಕ್ಕೆ ಕಟ್ಟೋದೇ ತಪ್ಪು. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು, ಅಷ್ಟೆ.

ಗಾಯದಲ್ಲಿ ಏನಾದರೂ ಚುಚ್ಚಿಕೊಂಡಿದ್ದರೆ, ಸರಳೋ ಗಾಜೋ ಕಬ್ಬಿನ ಕೂಳೆಯೋ, ಕೀಳಬಾರದು. ಅದೇ ಬಾಟಲ್‌ನ ಬಿರಡೆ ಆಗಿರಬಹುದು. ಅದರ ಎರಡೂ ಪಕ್ಕ ಬಟ್ಟೆ ಸುರುಳಿ ಇಟ್ಟು ಅಲುಗದ ಹಾಗೆ ಕಟ್ಟಿ ಕಳಿಸಬೇಕು. ಗಾಣದಲ್ಲೋ ಕಬ್ಬಿನ ಹಾಲಿನ ಮಷಿನ್‌ನಲ್ಲೋ ಬೆರಳು ತುಂಡಾದರೆ, ಮೊದಲು ಕೈಯ ರಕ್ತ ನಿಲ್ಲಿಸಿ, ಆಮೇಲೆ ತುಂಡು ಹುಡುಕಿ. ಅದನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಗಂಟು ಕಟ್ಟಿ, ಆ ಕವರನ್ನು ಐಸ್ ಇರುವ ಇನ್ನೊಂದು ಕವರ್‌ನಲ್ಲಿಡಿ. ನೇರ ಐಸ್ ಮೇಲಿಟ್ಟರೆ ಜೀವಕೋಶ ಸತ್ತು, ಜೋಡಿಸೋಕೆ ಬರಲ್ಲ.

ಕಾಫಿಪುಡಿ, ಅರಿಶಿನ, ಸುಣ್ಣ ಬಗ್ಗೆ ಮನೆಯಲ್ಲಿ ಅಜ್ಜಿಯರ ಜೊತೆ ಜಗಳ ಬೇಡ. ತರಕಾರಿ ಹೆಚ್ಚುವಾಗ ಆದ ಗೀರಿನ ರಕ್ತ ಪುಡಿ ಹಾಕಿದರೂ ನಿಲ್ಲುತ್ತೆ, ಹಾಕದಿದ್ದರೂ ನಿಲ್ಲುತ್ತೆ. 120 ಒತ್ತಡದಲ್ಲಿ ಬರೋ ರಕ್ತದ ಮುಂದೆ ಪುಡಿ ನಿಲ್ಲಲ್ಲ, ಆಸ್ಪತ್ರೆಯಲ್ಲಿ ತೊಳೆಯೋಕೆ ಕೆಲಸ ಜಾಸ್ತಿ. ನೀರು ಕುಡಿಸೋದೂ ನಮ್ಮವರ ಪ್ರೀತಿಯ ಕೆಲಸ. ಮುಖಕ್ಕೆ ಚಿಮುಕಿಸಿ, ಬಾಯಿಗೆ ಬಾಟಲ್ ಹಿಡೀತೀವಿ. ಅರೆಪ್ರಜ್ಞೆಯಲ್ಲಿರುವವರಿಗೆ ನೀರು ಶ್ವಾಸಕೋಶಕ್ಕೆ ಹೋಗಬಹುದು. ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ವಾಂತಿಯಾದರೂ ಅಪಾಯವೇ. ತುಟಿ ಒದ್ದೆ ಮಾಡಿದರೆ ಸಾಕು. ಅದರ ಬದಲು ಮೈಮೇಲೆ ಒಂದು ಬೆಡ್‌ಶೀಟ್ ಹೊದಿಸಿ. ಏಪ್ರಿಲ್ ಬಿಸಿಲಿನ ಹೊಸಪೇಟೆಯಲ್ಲಿ ಬೆಡ್‌ಶೀಟಾ ಅಂತ ನಗಬೇಡಿ. ರಕ್ತ ಹೋದ ದೇಹ ಬೇಗ ತಣ್ಣಗಾಗುತ್ತೆ, ತಣ್ಣಗಾದ ರಕ್ತ ಹೆಪ್ಪುಗಟ್ಟೋಕೆ ತಡ ಮಾಡುತ್ತೆ, ಆಗ ಇನ್ನಷ್ಟು ರಕ್ತ ಹೋಗುತ್ತೆ.

ನಿಮ್ಮ ಕೈಗೂ ರಕ್ಷಣೆ ಬೇಕು. ಗ್ಲೌಸ್ ಎಲ್ಲಿ ಸಿಗುತ್ತೆ ರಸ್ತೆಯಲ್ಲಿ? ಬೇಕರಿ ಕವರ್ ಕೈಗೆ ಹಾಕಿಕೊಂಡರೂ ಆದೀತು. ಆಮೇಲೆ ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಕೈಯಲ್ಲಿ ಗಾಯ ಇದ್ದು ರಕ್ತ ತಾಗಿದ್ದರೆ ಡಾಕ್ಟರ್‌ಗೆ ಹೇಳಿ. ಫೋನ್ ಮಾಡೋ ಕೆಲಸ ಒತ್ತುತ್ತಿರೋರು ಮಾಡಬಾರದು. 'ಯಾರಾದ್ರೂ ಫೋನ್ ಮಾಡಿ' ಅಂತ ಕೂಗಿದರೆ ಇಪ್ಪತ್ತು ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ನೀಲಿ ಅಂಗಿ ಅಣ್ಣಾ, ನೀವು 108ಕ್ಕೆ ಮಾಡ್ರಿ. ಅಕ್ಕಾ, ನಿಮ್ಮ ದುಪಟ್ಟಾ ಕೊಡ್ರಿ" ಅಂತ ಬೆರಳು ತೋರಿಸಿ ಹೇಳಿ. ಕೆಲಸ ಹಂಚಿದರೆ ಫೋನ್ ಹಿಡಿದವರ ಕೈಗೂ ಬೇರೆ ಕೆಲಸ ಸಿಗುತ್ತೆ. ಆಂಬುಲೆನ್ಸ್ ತಡ ಅಂತ ಗೊತ್ತಾದರೆ ಆಟೋ, ಕಾರು ಯಾವುದಾದರೂ ಸರಿ, ಒತ್ತಿದ ಕೈ ದಾರಿಯಲ್ಲೂ ಹಾಗೇ ಇರಬೇಕು.

ಪೊಲೀಸ್ ಕೇಸ್? ಗುಂಪಿನಲ್ಲಿ ಎಲ್ಲರೂ ಹಿಂದೆ ಸರಿಯೋದು ಇದಕ್ಕೇ. ಆ ಸಂಜೆ ನಮ್ಮ ಹಿಂದೆ ನಿಂತಿದ್ದವರೊಬ್ಬರು "ಮುಟ್ಟಬ್ಯಾಡ್ರಿ, ಸ್ಟೇಷನ್ ಸುತ್ತಬೇಕಾಗ್ತದ" ಅಂದದ್ದು ಇನ್ನೂ ಕಿವಿಯಲ್ಲಿದೆ. ಒಂದು ಕಾಲದಲ್ಲಿ ಆ ಭಯ ನಿಜವೇ ಇತ್ತು. ಗಾಯಾಳುವಿಗೆ ಚಿಕಿತ್ಸೆ ಮೊದಲು, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿತ್ತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿದ ಹರೀಶ್ ಸಾಯುವ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂದ. ಅವನ ಹೆಸರಲ್ಲಿ ರಾಜ್ಯ ಸರ್ಕಾರ ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಕೊಡುವ ಸಾಂತ್ವನ ಹರೀಶ್ ಯೋಜನೆ ತಂದಿತು. ಸಹಾಯ ಮಾಡಿದವರನ್ನು ಕಾಪಾಡೋಕೆ ಅಂತಲೇ ಸ್ವಂತ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. 2016ರ ಮಸೂದೆಗೆ 2018ರಲ್ಲಿ ರಾಷ್ಟ್ರಪತಿ ಒಪ್ಪಿಗೆ ಸಿಕ್ಕಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯ ಮಾಡೋ ಹಾಗೂ ಇಲ್ಲ. ಅಂದಹಾಗೆ, ಕೊಪ್ಪಳದ ಆ ಘಟನೆ ನಡೆದಾಗ ಸುಪ್ರೀಂ ಕೋರ್ಟ್ ಈ ರಕ್ಷಣೆಯ ಮಾರ್ಗಸೂಚಿಯನ್ನು ಒಪ್ಪಿ ಹತ್ತು ತಿಂಗಳಾಗಿತ್ತು. ರಸ್ತೆಯಲ್ಲಿ ನಿಂತವರಿಗೆ ಅದು ಗೊತ್ತಿರಲಿಲ್ಲ ಅಂತ ಕಾಣುತ್ತೆ. ನಮಗೂ ಈ ಲೇಖನಕ್ಕಾಗಿ ಹುಡುಕೋವರೆಗೂ ಗೊತ್ತಿರಲಿಲ್ಲ.

ಓದಿ ಬಿಟ್ಟರೆ ಕೈಗೆ ಬರಲ್ಲ ಅಂತ ನಾವು ರೂಮ್‌ನಲ್ಲಿ ಒಂದು ಪ್ರಯೋಗ ಮಾಡಿದೆವು, ನೀವೂ ಮಾಡಬಹುದು. ಗೆಳೆಯನ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ ನಾಡಿ ಹಿಡಿಯಿರಿ. ಇನ್ನೊಂದು ಕೈಯ ನಾಲ್ಕು ಬೆರಳನ್ನು ಅವನ ತೋಳಿನ ಒಳಭಾಗದಲ್ಲಿ, ಎರಡು ಸ್ನಾಯುಗಳ ನಡುವಿನ ತಗ್ಗಿನಲ್ಲಿಟ್ಟು ಮೂಳೆಗೆ ಒತ್ತಿ. ಜಾಗ ಸರಿ ಇದ್ದರೆ ಮಣಿಕಟ್ಟಿನ ನಾಡಿ ನಿಂತುಹೋಗುತ್ತೆ. ಐದು ಸೆಕೆಂಡ್ ಸಾಕು, ಬಿಡಿ. ಟ್ಯಾಗ್ ಕಟ್ಟಿದ ನಮ್ಮ ಗೆಳೆಯನಿಗೆ ಮೊದಲ ಸಲ ಸಿಗಲಿಲ್ಲ, ಎರಡನೇ ಸಲ ನಾಡಿ ಸಣ್ಣಗಾಯ್ತು, ಮೂರನೇ ಸಲ ಪೂರ್ತಿ ನಿಂತಿತು. ಆಮೇಲೆ ಅದೇ ತೋಳಿಗೆ ಐಡಿ ಕಾರ್ಡ್ ಟ್ಯಾಗ್ ಕಟ್ಟಿ ನೋಡಿದ. ಕೈ ಕೆಂಪಗಾಗಿ ನರ ಉಬ್ಬಿದವು, ನಾಡಿ ಮಾತ್ರ ಟಕಟಕ ಅಂತ ಹೊಡೀತಾನೇ ಇತ್ತು.